ಕರಾವಳಿಯ ಇಂಜಿನ್, ಘಟ್ಟದ ಮೇಲಿನ ಬಾಡಿ

(ಶಿರಸಿಯಲ್ಲಿ ಕೃಷಿಕರು ಹಾಗೂ ಐಟಿಐ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಸಭೆಯಲ್ಲಿರುವ ಹಿರಿಯರಿಗೂ ವಿದ್ಯಾರ್ಥಿ ಮಿತ್ರರಿಗೂ ನಮಸ್ಕಾರ.

ಒಂದೇ ಮಾದರಿಯ ಎರಡು ಹಳೆಯ ಕಾರುಗಳಿದ್ದರೆ ಒಂದರ ಇಂಜಿನ್ನನ್ನು ತೆಗೆದು ಇನ್ನೊಂದಕ್ಕೆ ಕೂರಿಸುವ ಕೆಲಸವನ್ನು ಮನೆಯಂಗಳದಲ್ಲಿ ಹೇಗೆ ಮಾಡಬಹುದು ಎಂಬುದನ್ನು ಹೇಳಬೇಕೆಂದು ತಾವು ಕೇಳಿದ್ದೀರಿ. ನಾನು ಗ್ಯಾರೇಜ್ ನಡೆಸಿದವನಲ್ಲ. ಫಿಟ್ಟರ್ ವಿಭಾಗದಲ್ಲಿ ಬಹಳ ವರ್ಷ ಪಾಠ ಹೇಳಿ, ನಿವೃತ್ತಿಯ ನಂತರ ಅಡಿಕೆ ತೋಟ ನೋಡಿಕೊಂಡಿರುವವನು. ಈ ಕೆಲಸವನ್ನು ನಾನು ಎರಡು ಸಲ ಮಾಡಿದ್ದೇನೆ. ಮೊದಲನೆಯ ಸಲ ತಪ್ಪಿದ್ದೆಲ್ಲಿ, ಎರಡನೆಯ ಸಲ ಸರಿಹೋದದ್ದು ಯಾವುದರಿಂದ ಎಂಬುದನ್ನು ಹೇಳುತ್ತೇನೆ. ಇಂಜಿನ್ ಎತ್ತುವ ದಿನ ಎಲ್ಲರ ಕಣ್ಣಿಗೆ ಬೀಳುವ ದಿನ. ಆದರೆ ಈ ಕೆಲಸದ ಒಳಿತು ಕೆಡುಕು ತೀರ್ಮಾನವಾಗುವುದು ಅದಕ್ಕಿಂತ ವಾರಗಳ ಮೊದಲು, ಒಂದು ಬೋಲ್ಟನ್ನೂ ಸಡಿಲಿಸದಿರುವಾಗ, ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಜಿಲ್ಲೆಯಲ್ಲಿ ಈ ವಿಷಯಕ್ಕೆ ಒಂದು ವಿಶೇಷ ಸಂದರ್ಭವಿದೆ. ಘಟ್ಟದ ಕೆಳಗೆ ಕಾರವಾರದಿಂದ ಭಟ್ಕಳದವರೆಗೆ ಗಾಡಿಯ ಬಾಡಿಯನ್ನು ಕಡಲು ತಿನ್ನುತ್ತದೆ, ಘಟ್ಟದ ಮೇಲೆ ಇಂಜಿನ್ನನ್ನು ಏರು ತಿನ್ನುತ್ತದೆ. ಕಡಲ ಗಾಳಿಯ ಉಪ್ಪು ತಗಡಿನ ಸಂದಿಗಳಲ್ಲಿ ಕೂತು ಗಾಳಿಯ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪು ಕರಗಿದ ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುವುದರಿಂದ ಕಬ್ಬಿಣ ತುಕ್ಕಾಗುವ ಕ್ರಿಯೆ ಬಿಸಿಲಿರಲಿ ಮಳೆಯಿರಲಿ ನಿಲ್ಲುವುದೇ ಇಲ್ಲ. ಬಾಗಿಲಿನ ಕೆಳಗಿನ ರನ್ನಿಂಗ್ ಬೋರ್ಡ್, ಕಾಲಿಡುವ ನೆಲದ ತಗಡು, ಬ್ಯಾಟರಿ ಕೂರುವ ತಟ್ಟೆಯ ಅಡಿ, ಮುಂದಿನ ಸಸ್ಪೆನ್ಷನ್ ಹಿಡಿದಿರುವ ಜಾಗ, ಇವೆಲ್ಲ ಹೊರಗೆ ಬಣ್ಣ ಚೆನ್ನಾಗಿದ್ದಾಗಲೇ ಒಳಗೊಳಗೆ ಹಪ್ಪಳವಾಗಿರುತ್ತವೆ. ಇಂಜಿನ್ನಿನ ಒಳಭಾಗ ಮಾತ್ರ ಸದಾ ಎಣ್ಣೆಯಲ್ಲಿ ಮಿಂದು, ಓಡಿದಾಗಲೆಲ್ಲ ಬಿಸಿಯಾಗಿ ತೇವ ಕಳೆದುಕೊಳ್ಳುವುದರಿಂದ ಉಳಿದುಕೊಳ್ಳುತ್ತದೆ. ಅದೂ ಕರಾವಳಿಯ ಸಪಾಟು ರಸ್ತೆಯಲ್ಲಿ ಪೇಟೆಗೂ ದೇವಸ್ಥಾನಕ್ಕೂ ಓಡಾಡಿದ ಗಾಡಿಯಾದರೆ ಕೇಳುವುದೇ ಬೇಡ. ಘಟ್ಟದ ಮೇಲಿನ ಗಾಡಿಗೆ ಇದು ತಿರುವುಮುರುವು. ದೇವಿಮನೆ ಘಟ್ಟವನ್ನು ಐದು ಜನರನ್ನೂ ಒಂದು ಚೀಲ ಅಕ್ಕಿಯನ್ನೂ ಹೊತ್ತು ಎರಡನೆಯ ಗೇರಿನಲ್ಲಿ ನೂರಾರು ಸಲ ಹತ್ತಿದ ಸಣ್ಣ ಇಂಜಿನ್, ನಡುವೆ ಒಂದೆರಡು ಸಲ ನೀರು ಕುದಿದು ಕಾದಿದ್ದರೆ, ಬಾಡಿ ಇನ್ನೂ ಗಟ್ಟಿಯಾಗಿರುವಾಗಲೇ ಸೋತುಹೋಗಿರುತ್ತದೆ.

ನನ್ನ ಎರಡನೆಯ ಕೆಲಸ ಇಂಥದ್ದೇ ಒಂದು ಜೋಡಿಯದು. ನಮ್ಮ ಮನೆಯಲ್ಲಿ ಕೆಎ-31 (ಶಿರಸಿ) ಸಂಖ್ಯೆಯ, ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಭಾಗ) ಇರುವ ಹಳೆಯ ಮಾರುತಿ 800 ಇತ್ತು. ಬಾಡಿಯಲ್ಲಿ ಒಂದು ತೂತಿಲ್ಲ. ಇಂಜಿನ್ ಮಾತ್ರ ನೀಲಿ ಹೊಗೆ ಉಗುಳುತ್ತಿತ್ತು. ಅಂಕೋಲೆಯ ಕಡೆಯ ನಮ್ಮ ಸಂಬಂಧಿಕರ ಮನೆಯಲ್ಲಿ ಅದೇ ಮಾದರಿಯ ಕೆಎ-30 (ಕಾರವಾರ) ಗಾಡಿ ಇತ್ತು. ಅದರ ನೆಲದ ತಗಡಿನ ತೂತಿನಿಂದ ರಸ್ತೆ ಕಾಣುತ್ತಿತ್ತು, ಇಂಜಿನ್ ಮಾತ್ರ ಹೊಲಿಗೆ ಯಂತ್ರದಂತೆ ಓಡುತ್ತಿತ್ತು.

ಈ ಕಾರಿನ ಬಗ್ಗೆ ಎರಡು ಮಾತು ಹೇಳಬೇಕು. ಮಾರುತಿ 800 ರಸ್ತೆಗೆ ಬಂದದ್ದು 1983ರ ಡಿಸೆಂಬರಿನಲ್ಲಿ. 1986ರಲ್ಲಿ ಅದರ ಬಾಡಿಯ ರೂಪ ಬದಲಾಯಿತು. ತಯಾರಿ ನಿಂತದ್ದು 2014ರ ಜನವರಿಯಲ್ಲಿ. ಮೊದಲಿನಿಂದಲೂ ಅದಕ್ಕಿದ್ದದ್ದು ಎಫ್8ಬಿ ಎಂಬ ಮೂರು ಸಿಲಿಂಡರಿನ 796 ಸಿಸಿ ಪೆಟ್ರೋಲ್ ಇಂಜಿನ್. ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 68.5 ಮಿ.ಮೀ.; ಸ್ಟ್ರೋಕ್, ಅಂದರೆ ಪಿಸ್ಟನ್ ಚಲಿಸುವ ದೂರ, 72 ಮಿ.ಮೀ. ಇಷ್ಟು ದೀರ್ಘಕಾಲ ಅಳತೆ ಬದಲಾಗದೆ ಉಳಿದ ಇಂಜಿನ್ ಆದ್ದರಿಂದಲೇ ಯಾವ ವರ್ಷದ್ದಾದರೂ ಯಾವುದಕ್ಕಾದರೂ ಕೂರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬೇರೂರಿದೆ. ಆ ನಂಬಿಕೆಯನ್ನು ಸ್ವಲ್ಪ ಅಲುಗಾಡಿಸುವುದು ಈ ಮಾತಿನ ಒಂದು ಉದ್ದೇಶ. ಓಮ್ನಿ ವ್ಯಾನಿನಲ್ಲಿರುವುದೂ ಅದೇ 796 ಸಿಸಿ ಇಂಜಿನ್ನೇ. ಆದರೆ 800ರಲ್ಲಿ ಅದು ಬಾನೆಟ್ಟಿನ ಒಳಗೆ ಅಡ್ಡಲಾಗಿ ಕೂತು ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ, ಓಮ್ನಿಯಲ್ಲಿ ಮುಂದಿನ ಸೀಟಿನ ಅಡಿಯಲ್ಲಿ ಉದ್ದಕ್ಕೆ ಕೂತು ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಬೋರೂ ಸ್ಟ್ರೋಕೂ ಒಂದೇ ಎಂದ ಮಾತ್ರಕ್ಕೆ ಇಂಜಿನ್ ಫೌಂಡೇಶನ್, ಅಂದರೆ ಇಂಜಿನ್ನನ್ನು ಗಾಡಿಗೆ ಹಿಡಿದಿಡುವ ಜೋಡಣೆ, ಒಂದೇ ಆಗುವುದಿಲ್ಲ. ಹಾಗೆಯೇ 2000ದ ಹೊತ್ತಿಗೆ ಬಂದ ಎಂಪಿಎಫ್‌ಐ ಇಂಜಿನ್ (ಕಾರ್ಬೊರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವಂಥದ್ದು) ತನ್ನ ಹಿಂದೆ ಒಂದು ಇಸಿಎಂ (ಇಂಜಿನ್ನನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ), ಹಲವು ಸೆನ್ಸರ್‌ಗಳು, ಬೇರೆಯೇ ವೈರಿಂಗ್, ಹೆಚ್ಚು ಒತ್ತಡದ ಪೆಟ್ರೋಲ್ ಪಂಪು, ಇಷ್ಟು ಸಂಸಾರವನ್ನು ಕಟ್ಟಿಕೊಂಡು ಬರುತ್ತದೆ. ಅದನ್ನು ಕಾರ್ಬೊರೇಟರ್ ಗಾಡಿಗೆ ಹಾಕಲು ಹೊರಟವರು ಇಂಜಿನ್ನಿನ ಜೊತೆ ಅರ್ಧ ಗಾಡಿಯನ್ನೇ ಬದಲಿಸಬೇಕಾಗುತ್ತದೆ. ಮನೆಯಲ್ಲಿ ಮೊದಲ ಸಲ ಮಾಡುವವರು ಅದಕ್ಕೆ ಕೈಹಾಕುವುದು ಬೇಡ.

ಇನ್ನು ಪರೀಕ್ಷೆಯ ವಿಷಯ. ಹೊಗೆಯ ಬಣ್ಣ ನೋಡಿ, ಸದ್ದು ಕೇಳಿ ಇಂಜಿನ್ನಿನ ಆರೋಗ್ಯ ಹೇಳುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅವರ ಅನುಭವವನ್ನು ನಾನು ಗೌರವಿಸುತ್ತೇನೆ. ಆದರೂ ಸಿಲಿಂಡರಿನ ಒಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜನ್ನು ಪ್ಲಗ್ಗಿನ ತೂತಿಗೆ ಹಾಕಿ ನೋಡದೆ ಯಾವ ಇಂಜಿನ್ನನ್ನೂ ಒಪ್ಪಿಕೊಳ್ಳಬಾರದು ಎಂದು ಹೇಳುತ್ತೇನೆ. ಇಂಜಿನ್ ಬಿಸಿಯಾಗಿರಬೇಕು, ಮೂರೂ ಪ್ಲಗ್ ಬಿಚ್ಚಿರಬೇಕು, ಬ್ಯಾಟರಿ ಪೂರ್ತಿ ಚಾರ್ಜ್ ಇರಬೇಕು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಗೇಜಿನ ಮುಳ್ಳು ಸುಳ್ಳು ಹೇಳುತ್ತದೆ. ನಮ್ಮ ಮನೆಯ ಇಂಜಿನ್ನಿನಲ್ಲಿ ಬಂದ ಅಂಕಿ 130, 125, 80 ಪಿಎಸ್‌ಐ (ಒತ್ತಡದ ಅಳತೆ). ಮೂರನೆಯ ಸಿಲಿಂಡರಿಗೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದಾಗ 80 ಇದ್ದದ್ದು 120ಕ್ಕೆ ಏರಿತು. ಎಣ್ಣೆ ಪಿಸ್ಟನ್ನಿನ ಸುತ್ತ ಹರಡಿ ರಿಂಗಿನ ಸಂದಿಯನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ. ಆದ್ದರಿಂದ ಅಂಕಿ ಏರಿದರೆ ದೋಷ ರಿಂಗಿನಲ್ಲೋ ಬೋರಿನಲ್ಲೋ ಇದೆ ಎಂದು ತಿಳಿಯಬೇಕು. ಏರದೆ ಹಾಗೆಯೇ ಉಳಿದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೇ ಕಡಿಮೆ ತೋರಿಸಿದರೆ ನಡುವೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳಿರುವ ಬ್ಲಾಕಿಗೂ ಅದರ ಮೇಲಿನ ಮುಚ್ಚಳವಾದ ಹೆಡ್ಡಿಗೂ ನಡುವಿನ ಪದರ) ಹೋಗಿರಬಹುದು. ಅಂಕೋಲೆಯ ಇಂಜಿನ್ನಿನಲ್ಲಿ ಬಂದದ್ದು 160, 165, 160. ಒಂದೊಂದೂ ಎಷ್ಟು ಎನ್ನುವುದಕ್ಕಿಂತ ಮೂರೂ ಒಂದಕ್ಕೊಂದು ಇಷ್ಟು ಹತ್ತಿರ ಇದ್ದದ್ದನ್ನು ಕಂಡು ನಾನು ಒಪ್ಪಿಕೊಂಡೆ.

ಇಲ್ಲಿಯೇ ಕಾಗದಪತ್ರದ ಮಾತನ್ನೂ ಹೇಳಬೇಕು. ಏಕೆಂದರೆ ಅದರ ಜಾಗವೂ ಪಾನಾ ಕೈಗೆತ್ತಿಕೊಳ್ಳುವ ಮೊದಲಿನದೇ. ಆರ್‌ಸಿ ಪುಸ್ತಕದಲ್ಲಿ ಚಾಸಿ ಸಂಖ್ಯೆಯೂ ಇಂಜಿನ್ ಸಂಖ್ಯೆಯೂ ಇರುತ್ತವೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನದ ಮಾರ್ಪಾಡಿಗೆ ಸಂಬಂಧಿಸಿದ್ದು. ನಮ್ಮಂಥ ಖಾಸಗಿ ಮಾಲೀಕರು ಇಂಜಿನ್ ಬದಲಿಸುವ ಮೊದಲೇ ನೋಂದಣಿ ಪ್ರಾಧಿಕಾರದ, ಅಂದರೆ ಆರ್‌ಟಿಒ ಕಚೇರಿಯ ಒಪ್ಪಿಗೆ ಪಡೆಯಬೇಕು. ಬದಲಿಸಿದ ಮೇಲೆ ಆರ್‌ಸಿಯಲ್ಲಿ ಹೊಸ ಸಂಖ್ಯೆ ದಾಖಲು ಮಾಡಿಸಬೇಕು. ಇಂಜಿನ್ ಕೊಟ್ಟ ಗಾಡಿ ಇನ್ನು ರಸ್ತೆಗೆ ಇಳಿಯುವುದಿಲ್ಲವೆಂದಾದರೆ ಅದನ್ನೂ 55ನೆಯ ಕಲಮಿನಂತೆ ಅದರ ಕಚೇರಿಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು. ನಮ್ಮ ಪ್ರಕರಣದಲ್ಲಿ ಒಂದು ಶಿರಸಿಯದು, ಇನ್ನೊಂದು ಕಾರವಾರದ್ದು. ಇದನ್ನೆಲ್ಲ ಕಿರಿಕಿರಿ ಎಂದು ಬಿಟ್ಟವರ ಗಾಡಿ 15 ವರ್ಷದ ನೋಂದಣಿ ಮುಗಿದು ಮುಂದಿನ ಐದು ವರ್ಷಕ್ಕೆ ನವೀಕರಣಕ್ಕೆ ಹೋದಾಗ ನಿಂತುಬಿಡುತ್ತದೆ. ಅಪಘಾತವಾದರೆ ವಿಮೆಯವರು ಮೊದಲು ನೋಡುವುದೂ ಈ ಎರಡು ಸಂಖ್ಯೆಗಳನ್ನೇ. ಗುಜರಿಯಿಂದ ಇಂಜಿನ್ ಕೊಳ್ಳುವವರು ಅದು ಯಾವ ಗಾಡಿಯದು, ಆ ಗಾಡಿಯ ಮಾಲೀಕರು ಯಾರು ಎಂಬ ಕಾಗದವಿಲ್ಲದೆ ಮುಂಗಡ ಕೊಡಬಾರದು. ಸಂಬಂಧಿಕರ ಗಾಡಿಯೇ ಆದರೂ ನಾನು ಬರಹದಲ್ಲಿ ಪಡೆದುಕೊಂಡೆ; ಅವರೇನೂ ಬೇಸರಪಟ್ಟುಕೊಳ್ಳಲಿಲ್ಲ.

ಕೆಲಸಕ್ಕೆ ಕಾಲ ಯಾವುದು ಎಂದು ಕೇಳಿದರೆ, ಘಟ್ಟದ ಮೇಲಿನವರಿಗೆ ಕೊಯ್ಲು ಮುಗಿದ ಮೇಲಿನ ಮಾರ್ಚ್ ತಿಂಗಳು. ಅದಕ್ಕೆ ಮೊದಲು ಅಂಗಳದ ತುಂಬ ಅಡಿಕೆ ಹರಡಿರುತ್ತದೆ. ಅದಕ್ಕಿಂತ ಮುಖ್ಯವಾಗಿ ಅಡಿಕೆ ಬೇಯಿಸುವ ಒಲೆ ಹಗಲು ರಾತ್ರಿ ಉರಿಯುತ್ತಿರುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲಕ್ಕೆ ಹತ್ತಿ ಹರಿದು ಎಷ್ಟೋ ಮಾರು ದೂರದ ಬೆಂಕಿಯನ್ನು ಹುಡುಕಿಕೊಂಡು ಹೋಗಬಲ್ಲದು. ಮಳೆಗಾಲದಲ್ಲಂತೂ ತೆರೆದ ಇಂಜಿನ್ನನ್ನು ಇಟ್ಟುಕೊಳ್ಳುವ ಯೋಚನೆಯೇ ಬೇಡ.

ಎತ್ತುವ ಸಾಧನದ ಬಗ್ಗೆ ವಿದ್ಯಾರ್ಥಿಗಳು ಗಮನವಿಟ್ಟು ಕೇಳಬೇಕು. ಕೊಟ್ಟಿಗೆಯ ತೊಲೆಗೆ ಚೈನ್ ಪುಲ್ಲಿ ಕಟ್ಟುವ ರೂಢಿ ನಮ್ಮಲ್ಲಿದೆ. ತೊಲೆ ಮತ್ತಿಯದೇ ಇರಬಹುದು, ಅಜ್ಜನ ಕಾಲದ್ದೇ ಇರಬಹುದು; ಗೋಡೆಯ ಒಳಗೆ ಹುದುಗಿರುವ ಅದರ ತುದಿಯನ್ನು ಒರಲೆ ತಿಂದಿದೆಯೋ ಇಲ್ಲವೋ ಎಂಬುದು ಹೊರಗಿನಿಂದ ಗೊತ್ತಾಗುವುದಿಲ್ಲ. ಅಡಿಕೆ ಮರದ ಕಂಬ ಚಪ್ಪರಕ್ಕೆ ಸೈ, ಇಂಜಿನ್ನಿಗೆ ಅಲ್ಲ. ನಾನು ಬಳಸಿದ್ದು ಬೋರ್‌ವೆಲ್ಲಿನ ಪಂಪು ಎತ್ತುವವರು ತರುವ ಕಬ್ಬಿಣದ ಮುಕ್ಕಾಲಿಯನ್ನು. ಅದು ಒಂದು ದಿನದ ಬಾಡಿಗೆಗೆ ಸಿಕ್ಕಿತು. ಮೂರು ಕಾಲುಗಳ ಅಡಿಗೂ ಹಲಗೆ ಕೊಟ್ಟು, ಕಾಲು ಜಾರದಂತೆ ಒಂದಕ್ಕೊಂದು ಸರಪಳಿ ಬಿಗಿದು, ಮೊದಲು ಮಣ್ಣಿನ ಚೀಲಗಳನ್ನು ತೂಗುಹಾಕಿ ನೋಡಿ, ಆಮೇಲೆ ಇಂಜಿನ್ನಿಗೆ ಕೊಂಡಿ ಹಾಕಿದೆವು. ತೂಗುತ್ತಿರುವ ಭಾರದ ಕೆಳಗೆ ಕೈಯನ್ನಾಗಲಿ ಕಾಲನ್ನಾಗಲಿ ಯಾರೂ ಚಾಚಬಾರದು. ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಅಡಿಗೆ ಯಾರೂ ಹೋಗಬಾರದು. ಸ್ಟ್ಯಾಂಡ್ ಇಲ್ಲವಾದರೆ ಗಟ್ಟಿ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ಕೊಡಬೇಕು. ಚಿರೆಕಲ್ಲು ಕೊಡಬಾರದು, ಅದು ಒಮ್ಮೆಲೇ ಒಡೆಯುತ್ತದೆ.

ಬಿಚ್ಚುವ ಕ್ರಮವನ್ನು ಬೇಗ ಹೇಳಿ ಮುಗಿಸುತ್ತೇನೆ. ಬ್ಯಾಟರಿಯ ನೆಗೆಟಿವ್ ತಂತಿ ಮೊದಲು. ಆಮೇಲೆ ಬಾನೆಟ್ಟು; ಹಿಂಜಿನ ಸುತ್ತ ಗೆರೆ ಎಳೆದುಕೊಂಡರೆ ತಿರುಗಿ ಕೂರಿಸುವುದು ಸುಲಭ. ಕೂಲಂಟ್, ಇಂಜಿನ್ ಆಯಿಲ್, ಗೇರ್ ಆಯಿಲ್ ಇಳಿಸಿ ಡಬ್ಬಿಗಳಲ್ಲಿ ತುಂಬಿಡಬೇಕು. ಅಂಗಳಕ್ಕೆ ಚೆಲ್ಲಿದ ಎಣ್ಣೆ ಮೊದಲ ಮಳೆಗೆ ತೋಟದ ಕಾಲುವೆ ಸೇರುತ್ತದೆ. ರೇಡಿಯೇಟರ್, ಹೋಸ್ ಪೈಪುಗಳು, ಆಕ್ಸಿಲರೇಟರ್ ಮತ್ತು ಕ್ಲಚ್ ಕೇಬಲ್, ಸ್ಪೀಡೋಮೀಟರ್ ಕೇಬಲ್, ಸೈಲೆನ್ಸರ್ ಜೋಡಣೆ, ಗೇರ್ ಸಲಾಕೆ, ಡ್ರೈವ್ ಶಾಫ್ಟುಗಳು, ಕೊನೆಗೆ ಫೌಂಡೇಶನ್ ಬೋಲ್ಟುಗಳು. ಪ್ರತಿ ತಂತಿಗೂ ಪೈಪಿಗೂ ಬಿಳಿ ಬಟ್ಟೆಯ ಪಟ್ಟಿ ಸುತ್ತಿ ಎರಡು ತುದಿಗೂ ಒಂದೇ ಅಂಕಿ ಬರೆದೆವು. ಬೋಲ್ಟುಗಳನ್ನು ಅಡಿಕೆ ಹಾಳೆಯ ತಟ್ಟೆಗಳಲ್ಲಿ, ಒಂದು ಭಾಗಕ್ಕೆ ಒಂದು ತಟ್ಟೆಯಂತೆ ಇಟ್ಟೆವು. ಮೊಬೈಲಿನಲ್ಲಿ ಫೋಟೋ ತೆಗೆಯುವುದೂ ಒಳ್ಳೆಯದೇ, ಆದರೆ ಎರಡನೆಯ ಗಾಡಿಯನ್ನು ಬಿಚ್ಚುವ ಹೊತ್ತಿಗೆ ಯಾವ ಫೋಟೋ ಯಾವುದರದು ಎಂಬ ಗೊಂದಲ ಶುರುವಾಗುತ್ತದೆ. ಪಟ್ಟಿಯ ಮೇಲೆ ಬರೆದದ್ದರಲ್ಲಿ ಆ ಗೊಂದಲ ಇರಲಿಲ್ಲ.

ಎರಡೂ ಇಂಜಿನ್‌ಗಳು ಪಕ್ಕಪಕ್ಕದಲ್ಲಿ ಕೂತಾಗಲೇ ಅವುಗಳ ವ್ಯತ್ಯಾಸ ಕಣ್ಣಿಗೆ ಬಿದ್ದದ್ದು. ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ ಡಿಸ್ಟ್ರಿಬ್ಯೂಟರ್. ನಮ್ಮದರಲ್ಲಿ ಪಾಯಿಂಟ್ (ಕಿಡಿಗಾಗಿ ವಿದ್ಯುತ್ ಕಡಿಯುವ ಸಣ್ಣ ಸ್ವಿಚ್) ಇರುವ ಡಿಸ್ಟ್ರಿಬ್ಯೂಟರ್, ಅಂಕೋಲೆಯದರಲ್ಲಿ ಪಾಯಿಂಟ್ ಇಲ್ಲದ್ದು. ಆಲ್ಟರ್ನೇಟರಿನ ಕನೆಕ್ಟರ್ ಬೇರೆ. ಇಂಥಲ್ಲಿ ನಾನು ಹಿಡಿದ ನಿಯಮ ಇದು: ವೈರಿಂಗ್ ಯಾವ ಗಾಡಿಯದೋ, ಆ ವೈರಿಂಗಿಗೆ ಸೇರುವ ಭಾಗಗಳೂ ಅದೇ ಗಾಡಿಯವಾಗಿರಬೇಕು. ಆದ್ದರಿಂದ ಬ್ಲಾಕ್ ಮತ್ತು ಹೆಡ್ ಅಂಕೋಲೆಯದು. ಡಿಸ್ಟ್ರಿಬ್ಯೂಟರ್, ಆಲ್ಟರ್ನೇಟರ್, ಸೆಲ್ಫ್ ಮೋಟಾರ್ ನಮ್ಮ ಗಾಡಿಯದೇ. ಗೇರ್‌ಬಾಕ್ಸ್ ಕೂಡ ನಮ್ಮದನ್ನೇ ಉಳಿಸಿಕೊಂಡೆವು. ಅದರಲ್ಲಿ ದೋಷವೇನೂ ಇರಲಿಲ್ಲ. ಡಿಸ್ಟ್ರಿಬ್ಯೂಟರ್ ಬದಲಾದ ಮೇಲೆ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಹೊಸದಾಗಿ ಹೊಂದಿಸಲೇಬೇಕು, ಪ್ಲಗ್ ವೈರುಗಳನ್ನು ಸಿಲಿಂಡರುಗಳಿಗೆ ಕಿಡಿ ಬರುವ 1-3-2ರ ಕ್ರಮದಲ್ಲಿ ಜೋಡಿಸಬೇಕು.

ಇಂಜಿನ್ ಹೊರಗಿರುವಾಗ ಬದಲಿಸಬೇಕಾದ ಕೆಲವು ಸಾಮಾನುಗಳಿವೆ: ಕ್ರ್ಯಾಂಕ್ ಶಾಫ್ಟಿನ (ಪಿಸ್ಟನ್ನುಗಳು ತಿರುಗಿಸುವ ಇಂಜಿನ್ನಿನ ಮುಖ್ಯ ಶಾಫ್ಟಿನ) ಹಿಂದಿನ ಆಯಿಲ್ ಸೀಲ್, ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಫೌಂಡೇಶನ್ ರಬ್ಬರುಗಳು. ಮೊದಲನೆಯ ಸಲ ನಾನು ತಪ್ಪಿದ್ದು ಇಲ್ಲಿ. ಬಹಳ ವರ್ಷಗಳ ಹಿಂದೆ ಬಂಧುಗಳೊಬ್ಬರ ಗಾಡಿಗೆ ಇಂಜಿನ್ ಹಾಕಿಕೊಟ್ಟಾಗ ಹಿಂದಿನ ಆಯಿಲ್ ಸೀಲು ಒಣಗಿಯೇ ಕಾಣುತ್ತದೆ, ಸೋರಿಲ್ಲ ಎಂದು ಹಾಗೆಯೇ ಬಿಟ್ಟೆ. ಬಹುಕಾಲ ನಿಂತಿದ್ದ ಇಂಜಿನ್ನಿನ ಸೀಲಿನ ರಬ್ಬರು ಗಡುಸಾಗಿರುತ್ತದೆ. ಓಡದಿರುವಾಗ ಅದು ಸೋರುವುದಿಲ್ಲ, ಶಾಫ್ಟ್ ತಿರುಗತೊಡಗಿದ ಮೇಲೆ ಸೋರುತ್ತದೆ. ಎರಡೇ ತಿಂಗಳಿಗೆ ಎಣ್ಣೆ ಕ್ಲಚ್ ಪ್ಲೇಟಿಗೆ ಇಳಿದು, ಅವರ ಮನೆಯವರೆಲ್ಲ ಕೂತಿದ್ದಾಗ ಘಟ್ಟದ ನಡುವೆ ಗಾಡಿ ಇಂಜಿನ್ ಕೂಗಿದರೂ ಮುಂದೆ ಹೋಗದೆ ನಿಂತಿತು. ಒಂದು ಸೀಲಿನ ಸಲುವಾಗಿ ಗೇರ್‌ಬಾಕ್ಸನ್ನು ಮತ್ತೆ ಇಳಿಸಬೇಕಾಯಿತು. ಆ ದಿನದ ಅವರ ಮುಖ ನನಗೆ ಇಂದಿಗೂ ನೆನಪಿದೆ.

ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ಒಂದುಗೂಡಿಸುವುದು ಇಡೀ ಕೆಲಸದಲ್ಲಿ ಅತ್ಯಂತ ನಾಜೂಕಿನ ಹಂತ. ಗೇರ್‌ಬಾಕ್ಸಿನ ಮುಂದೆ ಚಾಚಿರುವ ಶಾಫ್ಟಿಗೆ ಉದ್ದುದ್ದ ಹಲ್ಲುಗಳಿವೆ, ಅವನ್ನು ಸ್ಪ್ಲೈನ್ ಎನ್ನುತ್ತೇವೆ. ಆ ಹಲ್ಲುಗಳು ಕ್ಲಚ್ ಪ್ಲೇಟಿನ ನಡುವಿನ ಹಲ್ಲುಗಳಲ್ಲಿ ಹೊಕ್ಕು ಶಾಫ್ಟಿನ ತುದಿ ಕ್ರ್ಯಾಂಕಿನ ನಡುವೆ ಕೂರಬೇಕು. ಕ್ಲಚ್ ಪ್ಲೇಟನ್ನು ಬಿಗಿಯುವಾಗಲೇ ಸರಿಯಾಗಿ ನಡುವಿಗೆ ಹಿಡಿದಿರದಿದ್ದರೆ ಎಷ್ಟು ನೂಕಿದರೂ ಹೋಗುವುದಿಲ್ಲ. ನಾವು ನೂಕಿದಾಗ ಎರಡು ಬೆರಳಿನಷ್ಟು ಸಂದಿ ಉಳಿದು ನಿಂತಿತು. ತಂಗಿಯ ಮಗ ಉದ್ದನೆಯ ಬೋಲ್ಟುಗಳನ್ನು ಹಿಡಿದು, "ಮಾವಾ, ನಾಲ್ಕೂ ಕಡೆ ಬೋಲ್ಟ್ ಹಾಕಿ ಬಿಗಿ ಮಾಡಿದ್ರೆ ತಾನೇ ಕೂತ್ಕೊಳ್ತದೆ" ಎಂದ. ನೋಡುವವರಿಗೆ ಸರಿಯೆನಿಸುವ ಮಾತು. ಆದರೆ ಹಾಗೆ ಬೋಲ್ಟಿನಿಂದ ಎಳೆದರೆ ಕ್ಲಚ್ ಪ್ಲೇಟಿನ ನಡುಭಾಗ ಬಾಗುತ್ತದೆ, ಇಲ್ಲವೇ ಅಲ್ಯೂಮಿನಿಯಂ ಹೌಸಿಂಗಿನ ಕಿವಿ ಬಿರಿಯುತ್ತದೆ. ಬೋಲ್ಟುಗಳನ್ನು ಕೆಳಗಿಡಿಸಿ, ಅವನನ್ನು ಇಂಜಿನ್ನಿನ ಇನ್ನೊಂದು ತುದಿಗೆ ಕಳಿಸಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ಕೂದಲೆಳೆಯಷ್ಟು ತಿರುಗಿಸು ಎಂದೆ. ನಾನು ಗೇರ್‌ಬಾಕ್ಸನ್ನು ಎರಡೂ ಕೈಗಳಿಂದ ಮಟ್ಟವಾಗಿ ಹಿಡಿದು ಸಣ್ಣಗೆ ಅಲುಗಿಸುತ್ತಿದ್ದೆ. ಮೂರನೆಯ ಸಲ ತಿರುಗಿಸಿದಾಗ ಅಂಗೈಗೆ ಒಂದು ಮೆತ್ತನೆಯ ಜಾರುವಿಕೆ ತಿಳಿಯಿತು. ಸದ್ದಿಲ್ಲದೆ ಸಂದಿ ಮುಚ್ಚಿಕೊಂಡಿತು. ಹಲ್ಲು ಹಲ್ಲಿಗೆ ಸೇರಿದಾಗ ಹಾಗೆಯೇ ಆಗುತ್ತದೆ, ಬಲ ಬೇಕಾಗುವುದೇ ಇಲ್ಲ. ಬೆರಳಿನಿಂದ ಸುತ್ತಲೂ ಸಂದಿಯಿಲ್ಲವೆಂದು ಖಚಿತಪಡಿಸಿಕೊಂಡು ಆಮೇಲೆ ಬೋಲ್ಟು ಹಾಕಿದೆವು.

ಕೂರಿಸಿದ ಕೂಡಲೇ ಚಾವಿ ತಿರುಗಿಸಬಾರದು. ಮೊದಲು ಪ್ಲಗ್ಗುಗಳಿಲ್ಲದೆ ಕೈಯಿಂದ ಕ್ರ್ಯಾಂಕನ್ನು ಎರಡು ಸುತ್ತು ತಿರುಗಿಸಿ ಎಲ್ಲಿಯೂ ತಡೆಯುತ್ತಿಲ್ಲವೆಂದು ನೋಡಬೇಕು. ಆಮೇಲೆ ಪೆಟ್ರೋಲ್ ಪೈಪಿನ ಬಾಯಿ ಮುಚ್ಚಿ, ಕಾಯಿಲಿನ ತಂತಿ ತೆಗೆದಿಟ್ಟು, ಆಯಿಲ್ ದೀಪ ಆರುವವರೆಗೆ ಸ್ವಲ್ಪ ಸ್ವಲ್ಪವೇ ಸೆಲ್ಫ್ ಹೊಡೆಯಬೇಕು. ಬೇರಿಂಗುಗಳಿಗೆ ಎಣ್ಣೆ ತಲುಪಿದ ಮೇಲೆಯೇ ಇಂಜಿನ್ನಿಗೆ ಬೆಂಕಿ. ನಮ್ಮದು ಎರಡನೆಯ ಯತ್ನಕ್ಕೆ ಹಿಡಿಯಿತು. ರೇಡಿಯೇಟರಿನ ಮುಚ್ಚಳ ತೆಗೆದಿಟ್ಟು ಗಾಳಿಯ ಗುಳ್ಳೆಗಳೆಲ್ಲ ಹೊರಬರುವವರೆಗೆ ಕಾದು, ಕೂಲಂಟ್ ತುಂಬಿದೆವು. ಕೂಲಂಟಿನ ಬದಲು ಬಾವಿಯ ನೀರು ತುಂಬುವ ಅಭ್ಯಾಸವನ್ನು ಘಟ್ಟದ ಮೇಲಿನವರು ದಯವಿಟ್ಟು ಬಿಡಬೇಕು. ನಮ್ಮ ಹಳೆಯ ಇಂಜಿನ್ನಿನ ನೀರಿನ ದಾರಿಗಳು ಕೆಂಪು ಕೆಸರಿನಿಂದ ಅರ್ಧಕ್ಕರ್ಧ ಮುಚ್ಚಿದ್ದವು. ಅದು ಕಾದುಹೋದದ್ದರ ಕಾರಣ ಏರಿನಷ್ಟೇ ಆ ಕೆಸರೂ ಆಗಿತ್ತು.

ಮೊದಲ ವಾರ ಊರೊಳಗೆ ಮಾತ್ರ ಓಡಿಸಿ, ಪ್ರತಿ ಸಂಜೆ ಗಾಡಿಯ ಅಡಿಗೆ ಹಳೆಯ ಪತ್ರಿಕೆ ಹಾಸಿ ಬೆಳಿಗ್ಗೆ ತೊಟ್ಟುಗಳನ್ನು ನೋಡುತ್ತಿದ್ದೆ. ಒಂದು ಹೋಸ್ ಕ್ಲಿಪ್ ಬಿಗಿ ಮಾಡಬೇಕಾಯಿತು, ಅಷ್ಟೇ. ಆಮೇಲೆ ಆರ್‌ಟಿಒ ಕಚೇರಿಯಲ್ಲಿ ಇನ್‌ಸ್ಪೆಕ್ಟರರು ಬ್ಲಾಕಿನ ಮೇಲೆ ಕೊರೆದ ಸಂಖ್ಯೆಗೆ ಕಾಗದ ಒತ್ತಿ ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು, ಅಂಕೋಲೆಯ ಆರ್‌ಸಿಯೊಡನೆ ಒಂದೊಂದೇ ಅಂಕಿ ಹೋಲಿಸಿ ನೋಡಿದರು. ಎಣ್ಣೆ ಮಣ್ಣು ಮುಚ್ಚಿದ್ದರೆ ಆ ಸಂಖ್ಯೆ ಓದಲಾಗುವುದಿಲ್ಲ. ಆದ್ದರಿಂದ ಇಂಜಿನ್ ಹೊರಗಿರುವಾಗಲೇ ಆ ಜಾಗವನ್ನು ಸೀಮೆಎಣ್ಣೆ ಮತ್ತು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆದುಕೊಳ್ಳಿ. ತಂತಿಯ ಬ್ರಶ್ ಬೇಡ, ಉಜ್ಜಿದ ಗುರುತು ಅನುಮಾನಕ್ಕೆ ಎಡೆಮಾಡುತ್ತದೆ.

ನಮ್ಮ ಹಳೆಯ ಇಂಜಿನ್ನನ್ನು ಆಮೇಲೆ ಬಿಡುವಿನಲ್ಲಿ ಪೂರ್ತಿ ಬಿಚ್ಚಿದೆ. ಗೇಜ್ ಹೇಳಿದ್ದು ನಿಜವಾಗಿತ್ತು: ಮೂರನೆಯ ಪಿಸ್ಟನ್ನಿನ ಮೇಲಿನ ರಿಂಗ್ ಎರಡು ತುಂಡಾಗಿ, ಬೋರಿನ ಗೋಡೆಯ ಮೇಲೆ ಉಗುರಿಗೆ ಸಿಗುವಂಥ ಗೆರೆ ಬಿದ್ದಿತ್ತು. ಆ ಪಿಸ್ಟನ್ನನ್ನೂ ರಿಂಗಿನ ತುಂಡುಗಳನ್ನೂ ಇಲ್ಲಿ ಮೇಜಿನ ಮೇಲೆ ಇಟ್ಟಿದ್ದೇನೆ. ಪಕ್ಕದಲ್ಲಿ ಸವೆಯದ ಹೊಸ ರಿಂಗ್ ಒಂದಿದೆ. ವಿದ್ಯಾರ್ಥಿಗಳು ಬಂದು ಎರಡನ್ನೂ ಕೈಯಲ್ಲಿ ಹಿಡಿದು ನೋಡಬಹುದು. ಮುರಿದ ತುದಿ ಹರಿತವಾಗಿದೆ, ಜೋಪಾನ.